ಕೈ ಎತ್ತುವವರೆಗೆ

ಮಾರ್ಚ್ ೩

ಅಪ್ಪ,

ಅಕ್ಷರ ನೋಡಿ ಮುಖ ಸಿಂಡರಿಸಬೇಡ. ಎಂದಿನ ಹಾಗೆ ಬರೀತಿರೋದು ಹಗ್ಗದಣ್ಣ. ಫೈಟ್ ತಂಡದಲ್ಲಿ ನನ್ನ ಹಗ್ಗ ಹಿಡಿಯೋನು ಅವನೇ ಅಂತ ಹೇಳಿದ್ನಲ್ಲ. ನಾನು ಹೇಳ್ತಾ ಹೋಗ್ತೀನಿ, ಅವನು ಬರೀತಾ ಹೋಗ್ತಾನೆ. ನನಗೆ ಸೋಮಾರಿತನ, ಅವನಿಗೆ ಭಾನುವಾರ ಬೇರೆ ಕೆಲಸ ಇಲ್ಲ. ಹೇಳಿದ ಹಾಗೇ ಬರಿ, ನಿನ್ನ ಬುದ್ಧಿ ಸೇರಿಸಬೇಡ ಅಂದಿದ್ದೀನಿ.

ಸಿನಿಮಾ ಬಿಡುಗಡೆ ಆಯ್ತು. 'ನೀಲಿ ಗಿಡುಗ'. ನಾನು ಚಿಕ್ಕವಳಿದ್ದಾಗ ನೀನು ಸ್ಟುಡಿಯೋದಿಂದ ಬರ್ತಾ ತರ್ತಿದ್ದೆಯಲ್ಲ, ಅದೇ ಕಾಮಿಕ್ಸ್‌ನ ಗಿಡುಗ. ಮುಖವಾಡ ತೆಗೆದು ಅಳುವಾಗ, ನಗುವಾಗ ನಾಯಕಿ. ಮುಖವಾಡ ಹಾಕಿ ಓಡುವಾಗ, ಹಾರುವಾಗ, ಬೀಳುವಾಗ ನಿನ್ನ ಮಗಳು. ಡೂಪ್ ಅಂತ ಹೆಸರು ಕೊನೇಲಿ ಬರುತ್ತೆ, ಅಷ್ಟು ಹೊತ್ತಿಗೆ ಜನ ಚಪ್ಪಲಿ ಹುಡುಕ್ತಿರ್ತಾರೆ.

ಹೋದ ಸಲ ನನ್ನ ಕೆಲಸ ನೋಡಿ ನೀನು ಹೇಳಿದ್ದು ಎರಡೇ ಮಾತು. "ತೂಕ ಇಲ್ಲ." ನಾನು ಊಟದ ತಟ್ಟೆ ಬಿಟ್ಟು ಎದ್ದು ಬಂದೆ. ಆಮೇಲೆ ಮನೆ ಕಡೆ ತಲೆ ಹಾಕಿಲ್ಲ. ಈಗ ಅದರ ಬಗ್ಗೆ ಜಗಳ ಬೇಡ.

ಕೇಳ್ತಿರೋದು ಒಂದೇ. ಈ ಸಿನಿಮಾ ನೋಡು. ಅಪ್ಪನಾಗಿ ಅಲ್ಲ, ಇಡೀ ಆಯುಷ್ಯ ಫಿಲಂ ಕತ್ತರಿಸಿ ಅಂಟಿಸಿದ ಸಂಕಲನಕಾರನಾಗಿ ನೋಡು. ನೋಡಿ, ಇದರಲ್ಲಿ ನಿಜವಾದ ಶಾಟ್ ಯಾವುದು ಅಂತ ಹೇಳು. ಒಂದೇ ಒಂದು. ನನ್ನ ಮನಸ್ಸಲ್ಲಿ ಒಂದಿದೆ, ನೀನೂ ಅದನ್ನೇ ಹೇಳ್ತೀಯಾ ಅಂತ ನೋಡ್ಬೇಕು. ನನಗೆ ಇದು ತುಂಬ ಮುಖ್ಯ ಅಪ್ಪ. ಯಾಕೆ ಅಂತ ಆಮೇಲೆ.

ನಿನ್ನ
ಬುಗುರಿ


ಮಾರ್ಚ್ ೧೪

ಬುಗುರಿ,

ಸೋಮಾರಿ ಎಂದು ನೀನೇ ಒಪ್ಪಿಕೊಂಡದ್ದರಿಂದ ನನಗೆ ಬೈಯುವ ಕೆಲಸ ಉಳಿಯಿತು. ಹಗ್ಗದಣ್ಣನಿಗೆ ನನ್ನ ನಮಸ್ಕಾರ ಹೇಳು. ಅವನ ಅಕ್ಷರಗಳು ಅವನು ಹಾಕುವ ಗಂಟುಗಳ ಹಾಗೇ ಇರಬೇಕು, ಬಿಡಿಸುವಷ್ಟರಲ್ಲಿ ಕಣ್ಣು ನೋಯುತ್ತದೆ. ನಿನ್ನ ಜೀವ ಇರುವುದು ಅವನ ಗಂಟಿನಲ್ಲೇ ಆದ್ದರಿಂದ ದೂರುವುದಿಲ್ಲ.

ಬಸ್ ನಿಲ್ದಾಣದ ಹಿಂದಿನ ಥಿಯೇಟರಿಗೆ ಬೆಳಗಿನ ಆಟಕ್ಕೆ ಹೋಗಿದ್ದೆ. ಟಿಕೆಟ್ ಕೊಡುವ ಹೆಂಗಸು ನನ್ನ ತಲೆ ನೋಡಿ, "ಅಜ್ಜಾ, ಇದು ಹುಡುಗರು ನೋಡೋ ಪಿಕ್ಚರು" ಎಂದಳು. ಕಿವಿ ಹೋದ ಮೇಲೆ ತುಟಿ ಓದುವುದು ಚೆನ್ನಾಗಿ ಬಂದಿದೆ ನನಗೆ. "ಅದರಲ್ಲಿ ಗಿಡುಗ ನನ್ನ ಮಗಳೇ ಕಣಮ್ಮ" ಎಂದೆ. ಅವಳು ಪೋಸ್ಟರಿನಲ್ಲಿದ್ದ ನಾಯಕಿಯನ್ನೊಮ್ಮೆ, ನನ್ನ ಮೂಗನ್ನೊಮ್ಮೆ ನೋಡಿ, ಪಾಪ ಎನ್ನಿಸಿ ಹಿಂದಿನ ಸಾಲಿನಲ್ಲಿ ಒಳ್ಳೆಯ ಸೀಟು ಕೊಟ್ಟಳು.

ಮೊದಲು ದೋಷಗಳು. ಕತ್ತಲೆ ಹೆಚ್ಚು. ಅದು ಕತೆಗೆ ಬೇಕಾದ ಕತ್ತಲೆಯಲ್ಲ, ಮುಚ್ಚಿಡುವುದಕ್ಕೆ ಬೇಕಾದ ಕತ್ತಲೆ. ಗ್ರಾಫಿಕ್ಸ್‌ನಲ್ಲಿ ಕಟ್ಟಿದ ಊರಿನ ಬಣ್ಣ ಹಗಲಿನಲ್ಲಿ ಬಯಲಾಗುತ್ತದೆಂದು ಎಲ್ಲವನ್ನೂ ಇರುಳಿಗೆ ತಳ್ಳಿದ್ದಾರೆ. ಹೊಡೆದಾಟ ಬಂತೆಂದರೆ ಸೊಪ್ಪು ಹೆಚ್ಚಿದ ಹಾಗೆ ಕಟ್ ಮೇಲೆ ಕಟ್. ಯಾರ ಮುಷ್ಟಿ ಯಾರ ಮುಖಕ್ಕೆ ಬಿತ್ತೆಂದು ತಿಳಿಯುವ ಮುಂಚೆ ಇಬ್ಬರೂ ಬೇರೆ ಬೀದಿಯಲ್ಲಿರುತ್ತಾರೆ. ಆ ದೈತ್ಯ ಖಳ ಕಟ್ಟಡಗಳನ್ನೇ ಕಿತ್ತು ಎಸೆಯುತ್ತಾನೆ, ಆದರೆ ಒಂದು ಚಿಟಿಕೆ ಧೂಳು ಅವನ ಹೆಗಲ ಮೇಲೆ ಕೂರುವುದಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರೆ. ಇಲ್ಲಿ ಮೈ ಕೂಡ ನೋಯುವುದಿಲ್ಲ. ಗಿಡುಗದ ಮೇಲಂಗಿ ಒಂದು ಕಡೆ ಹಾರಿದರೆ ಕೂದಲು ಇನ್ನೊಂದು ಕಡೆ ಹಾರುತ್ತದೆ. ಮೂಗಿಗಿಂತ ಮೂಗುತಿ ಭಾರ.

ಸಂಗೀತ ಹೇಗಿತ್ತೆಂದು ಕೇಳಬೇಡ. ಕುರ್ಚಿ ನಡುಗಿದ್ದಷ್ಟೇ ಗೊತ್ತು. ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಳ್ಳುತ್ತಿದ್ದ ಕಡೆ ನನಗೆ ಬರೀ ಗೋಡೆ, ಬರೀ ಮುಖ ಕಂಡವು. ಶಬ್ದ ಕೇಳಿಸದವನಿಗೆ ಮೋಸ ಮಾಡುವುದು ಕಷ್ಟ.

ಈಗ ಒಳ್ಳೆಯದು. ಗಡಿಯಾರದ ಗೋಪುರದ ಮೆಟ್ಟಿಲನ್ನು ಗಿಡುಗ ಓಡಿ ಹತ್ತುವುದನ್ನು ಎಲ್ಲೂ ಕತ್ತರಿಸದೆ ತೋರಿಸಿದ್ದಾರೆ. ಓಡುವ ಮುಂಚೆ ಎಡ ಭುಜ ಒಂದಿಷ್ಟು ಇಳಿಸುವುದು ನಿಮ್ಮಮ್ಮನ ಚಾಳಿ, ನಿನಗೂ ಬಂದಿದೆ. ಮುಖವಾಡದ ಮೇಲೆ ಮುಖವಾಡ ಹಾಕಿದರೂ ನಾನು ಗುರುತು ಹಿಡಿಯುತ್ತಿದ್ದೆ. ಕೊನೆಯ ತಿರುವಿನಲ್ಲಿ ನಿನಗೆ ನಿಜವಾಗಿಯೂ ಉಸಿರು ಹತ್ತಿದೆ. ನಿಜವಾದ ಶಾಟ್ ಯಾವುದೆಂದರೆ ಅದೇ.

ಗೋಪುರದಿಂದ ಬೀಳುವುದನ್ನು ಮಾತ್ರ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡೆ. ನಗಬೇಡ. ನಮ್ಮ ತಾರಸಿಯ ನೀರಿನ ಟ್ಯಾಂಕಿನಿಂದ ಹಳೆಯ ಹಾಸಿಗೆಗಳ ಮೇಲೆ ನೀನು ಹಾರಿ ಹಾರಿ ಅಭ್ಯಾಸ ಮಾಡುತ್ತಿದ್ದಾಗಲೂ ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ನೀನು ಬಿದ್ದು, ಕೈ ಎತ್ತಿ ತೋರಿಸಿದ ಮೇಲೆ ನಿಮ್ಮಮ್ಮ, "ಎತ್ತಿದ್ಲು, ಇನ್ನು ತಿರುಗಿ ಧೀರರೇ" ಎನ್ನುತ್ತಿದ್ದಳು. ಈಗ ಹಾಗೆನ್ನಲು ಅವಳಿಲ್ಲ. ಅದಕ್ಕೇ ಕಣ್ಣು ಮುಚ್ಚಿದವನು ಸ್ವಲ್ಪ ಹೆಚ್ಚೇ ಹೊತ್ತು ಮುಚ್ಚಿಕೊಂಡಿದ್ದೆ.

ಇಂತಿ,
ನಿನ್ನ ಕಿವುಡಪ್ಪ


ಮಾರ್ಚ್ ೨೩

ಅಪ್ಪ,

ಮೆಟ್ಟಿಲಿನ ಮಾತು ಓದಿಸಿಕೊಂಡು ಕೇಳ್ದೆ. ಮತ್ತೆ ಓದು ಅಂದೆ. ಖುಷಿಯಾಯ್ತು.

ಆದ್ರೆ ನನ್ನ ಮನಸ್ಸಲ್ಲಿರೋದು ಅದಲ್ಲ. ಸಂಕಲನಕಾರನಾಗಿ ನೋಡು ಅಂದ್ರೆ ಅಪ್ಪನಾಗಿ ಹೋಗಿ ಕಣ್ಣು ಮುಚ್ಚಿ ಕೂತಿದ್ದೀಯಲ್ಲ. ಇನ್ನೊಂದ್ಸಲ ಹೋಗು. ಬೀಳೋದನ್ನ ಕಣ್ಣು ಬಿಟ್ಟು ಪೂರ್ತಿ ನೋಡು. ನೋಡಿದ್ದನ್ನ ಹಾಗೇ ಬರಿ, ಸಕ್ಕರೆ ಸವರಬೇಡ.

ಇಲ್ಲಿ ಬರೆಯೋಕೆ ಹೆಚ್ಚಿಗೆ ಏನಿಲ್ಲ. ಈ ಕೋಣೆಯ ಚಾವಣಿಯಲ್ಲಿ ಒಂದು ಬಿರುಕಿದೆ, ಮೂಲೆಯಿಂದ ಫ್ಯಾನಿನವರೆಗೆ ಬಂದಿತ್ತು, ಈಗ ಫ್ಯಾನ್ ದಾಟಿದೆ. ಹಗ್ಗದಣ್ಣ ನಿನಗೆ ನಮಸ್ಕಾರ ಹೇಳೋಕೆ ನಾಚಿಕೊಳ್ತಾನೆ. ನಾನೇ ಹೇಳ್ತಿದ್ದೀನಿ.

ಬುಗುರಿ


ಏಪ್ರಿಲ್ ೫

ಬುಗುರಿ,

ಹೋದೆ. ಎರಡು ಸಲ ಹೋದೆ. ಎರಡನೆಯ ಸಲ ಆ ಹೆಂಗಸು ದುಡ್ಡೇ ಬೇಡ ಎಂದಳು. ಮಗಳ ಕತೆಯನ್ನು ನಂಬಿದಳೋ, ತಲೆ ಕೆಟ್ಟ ಮುದುಕನೆಂದು ನಿರ್ಧರಿಸಿದಳೋ ಗೊತ್ತಿಲ್ಲ.

ನಿನಗೆ ನೆನಪಿರಬೇಕು. ಆ ಕಾಮಿಕ್ಸ್‌ನಲ್ಲಿ ಒಂದು ಚೌಕದಲ್ಲಿ ಗಿಡುಗ ಗೋಪುರದ ಮೇಲಿರುತ್ತಾಳೆ, ಮುಂದಿನ ಚೌಕದಲ್ಲಿ ನೆಲದ ಮೇಲಿರುತ್ತಾಳೆ. ನೀನು ಬೆರಳಿಟ್ಟು, "ಬಿದ್ದಿದ್ದು ಎಲ್ಲಪ್ಪ?" ಎಂದು ಕೇಳಿದ್ದೆ. ಎರಡು ಚೌಕಗಳ ನಡುವಿನ ಬಿಳಿ ಜಾಗ ತೋರಿಸಿ, "ಇಲ್ಲಿ ಬಿದ್ದಿದ್ದು. ಅದನ್ನ ಬರೆಯಲ್ಲ, ಓದೋರು ನೋಡ್ಕೋಬೇಕು" ಎಂದಿದ್ದೆ. ಕತ್ತರಿ ಹಿಡಿದಷ್ಟು ಕಾಲವೂ ನಾನು ಮಾಡಿದ್ದು ಆ ಬಿಳಿ ಜಾಗದ ಕೆಲಸವೇ. ಬೀಳುವುದನ್ನು ತೋರಿಸಬಾರದು, ಬಿದ್ದದ್ದನ್ನು ತೋರಿಸಬೇಕು ಎಂದು ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿಕೊಟ್ಟೆ.

ಈ ಸಂಕಲನಕಾರ ನನ್ನ ಪಾಠವನ್ನು ಗಾಳಿಗೆ ತೂರಿದ್ದಾನೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಶಾಟ್. ಅಲ್ಲಿಯವರೆಗೆ ಸೊಪ್ಪು ಹೆಚ್ಚುತ್ತಿದ್ದವನು ಇಲ್ಲಿ ಕೈ ಕಟ್ಟಿ ಕುಳಿತಿದ್ದಾನೆ. ಮೈ ಮುಂದೆ ಬರುತ್ತದೆ, ಮೇಲಂಗಿ ಹಿಂದೆ ಬರುತ್ತದೆ. ಭುಜ ಮೊದಲು ತಗಲುತ್ತದೆ, ಆಮೇಲೆ ತಲೆ. ಮೈ ನೆಲ ಮುಟ್ಟಿದ ಮೇಲೂ ಬಟ್ಟೆ ಇಳಿಯುತ್ತಲೇ ಇರುತ್ತದೆ. ತೂಕ, ಬುಗುರಿ, ತೂಕ! ಇಡೀ ಸಿನಿಮಾದಲ್ಲಿ ಇಲ್ಲದ ತೂಕ ಅಲ್ಲಿದೆ. ನನ್ನ ಬಾಯಿಂದ ಈ ಮಾತು ಬರಿಸಬೇಕೆಂದು ಎಷ್ಟು ವರ್ಷ ಹಲ್ಲು ಕಚ್ಚಿದ್ದೆಯೋ, ತಗೋ, ಬರೆದುಕೊಟ್ಟಿದ್ದೇನೆ.

ಅದಕ್ಕಿಂತ ದೊಡ್ಡದು ಆಮೇಲಿನದು. ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ, ನನ್ನಂಥವನಿಗೆ ಗೊತ್ತಾಗುತ್ತದೆ. ಬಿದ್ದ ಡೂಪ್ ಕೈ ಎತ್ತಿ ತೋರಿಸುವವರೆಗೆ ಸೆಟ್ಟಿನಲ್ಲಿ ಯಾರೂ ಉಸಿರಾಡುವುದಿಲ್ಲ. ಹಾಗಾಗಿ ಎಲ್ಲರೂ ಬಿದ್ದ ಕೂಡಲೇ ಕೈ ಎತ್ತಿಬಿಡುತ್ತಾರೆ. ನಾವು ಅದಕ್ಕೆ ಮುಂಚೆ ಕತ್ತರಿಸಬೇಕು. ಎತ್ತಿದ ಕೈಗಳ ಫಿಲಂ ತುಂಡುಗಳೇ ನನ್ನ ಬುಟ್ಟಿಯ ತುಂಬ ಇರುತ್ತಿದ್ದವು. ಇನ್ನೊಂದು ಕ್ಷಣ ಸುಮ್ಮನೆ ಬಿದ್ದಿರಬಾರದಿತ್ತೇ ಮಹಾರಾಯ ಎಂದು ಎಷ್ಟು ಜನರನ್ನು ಬೈದಿದ್ದೇನೋ. ಈ ಶಾಟಿನಲ್ಲಿ ನೀನು ಬಿದ್ದ ಮೇಲೆ ಕ್ಯಾಮೆರಾ ನಿಧಾನವಾಗಿ ಹತ್ತಿರ ಬರುತ್ತದೆ, ಬರುತ್ತಲೇ ಇರುತ್ತದೆ, ನೀನು ಅಲುಗುವುದಿಲ್ಲ. ಶಾಟಿನ ಕೊನೆಗೆ ಅಷ್ಟು ಉದ್ದದ ಬಾಲ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅವನಿಗೆ ಅದನ್ನು ಕೊಟ್ಟವಳು ನೀನು. ಕೈ ಎತ್ತಬೇಕೆನ್ನುವ ಆಸೆಯನ್ನು ತಡೆದು ಹಾಗೇ ಮಲಗಿದ್ದೀಯಲ್ಲ, ಅದು ಬರೀ ಧೈರ್ಯವಲ್ಲ, ಕಲೆ. ನನ್ನ ಪಕ್ಕದ ಸಾಲಿನ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಹೆಮ್ಮೆಯಾಯಿತು.

ನಿಜವಾದ ಶಾಟ್ ಅದೇ. ಮೆಟ್ಟಿಲಿನದನ್ನು ವಾಪಸು ತೆಗೆದುಕೊಂಡಿದ್ದೇನೆ.

ಇನ್ನು ಬೈಗುಳ. ಬಿದ್ದ ಮೇಲೆ ಬರುವ ಗಿಡುಗ ನೀನಲ್ಲ. ಅವಳ ಭುಜ ಇಳಿಯುವುದಿಲ್ಲ. ಯಾರೊಂದಿಗೆ ಜಗಳವಾಡಿ ಅರ್ಧಕ್ಕೆ ಎದ್ದು ಬಂದೆ? ತಟ್ಟೆ ಬಿಟ್ಟು ಏಳುವ ಬುದ್ಧಿ ಇನ್ನೂ ಹೋಗಲಿಲ್ಲವೇ? ಇಷ್ಟು ಒಳ್ಳೆಯ ಕೆಲಸ ಮಾಡಿ ಕೈಬಿಡುವುದೇ? ಮತ್ತೆ ಆ ಚಾವಣಿ ನೋಡುತ್ತಾ ಮಲಗುವುದನ್ನು ಬಿಡು. ಎದ್ದು ಹೊರಗೆ ಓಡಾಡು.

ಹೆಮ್ಮೆಯಿಂದ,
ಅಪ್ಪ


ಮೇ ೧೦

ಬುಗುರಿ,

ನಿನ್ನಿಂದ ಕಾಗದವಿಲ್ಲ. ಪಕ್ಕದ ಮನೆಯವರ ಫೋನಿನಿಂದ ನಿನಗೆ ಮಾಡಿಸಿದೆ. ಅವರು ಮಾತಾಡಿ ಫೋನ್ ಇಟ್ಟು, "ಚೆನ್ನಾಗಿದಾಳಂತೆ" ಎಂದರು. ಅವರ ತುಟಿ ಹಾಗೆಂದಿತು, ಕಣ್ಣು ಹಾಗೆನ್ನಲಿಲ್ಲ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ತುಂಡುಗಳನ್ನು ಜೋಡಿಸುವುದೇ ನನ್ನ ಕಸುಬು. ನೀನು ಬಹಳ ಕಾಲದಿಂದ ನಿನ್ನ ಕೈಯಲ್ಲಿ ಕಾಗದ ಬರೆದಿಲ್ಲ. ನಿನ್ನ ಕಾಗದದಲ್ಲಿ ಬೀದಿ ಬರುವುದಿಲ್ಲ, ಕಿಟಕಿ ಬರುವುದಿಲ್ಲ, ಚಾವಣಿ ಬರುತ್ತದೆ. ಆ ಶಾಟಿನ ನಂತರ ಸಿನಿಮಾದಲ್ಲಿ ನೀನಿಲ್ಲ. ಮತ್ತೆ ಆ ಶಾಟಿನ ಉದ್ದ.

ಇವನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಕುಳಿತಿದ್ದೇನೆ. ಅಂಟಿಸಲು ಧೈರ್ಯ ಬರುತ್ತಿಲ್ಲ. ನನ್ನ ತಲೆ ಕೆಟ್ಟಿದೆ ಎಂದು ಬರೆ. ಒಂದೇ ಸಾಲು ಸಾಕು. ನಿನ್ನ ಕೈಯಲ್ಲೇ ಬರೆ.

ಅಪ್ಪ


ಮೇ ೨೧

ಅಪ್ಪ,

ನನ್ನ ಕೈಯಲ್ಲಿ ಬರೆಯೋಕಾಗಲ್ಲ.

ಕೈ ಎತ್ತೋ ಆಸೆ ತಡೆದೆ ಅಂತ ಬರೆದಿದ್ದೀಯ. ತಡೀಲಿಲ್ಲ ಅಪ್ಪ. ಎತ್ತಿದೆ. ಎತ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ಕಣ್ಣು ಹೊರಳಿಸಿ ನೋಡಿದ್ರೆ ಕೈ ನೆಲದ ಮೇಲೇ ಇತ್ತು, ಬೇರೆ ಯಾರದೋ ಕೈ ಹಾಗೆ. ಕತ್ತಿನ ಮೂಳೆ ಮುರಿದಿತ್ತು. ನಿನಗೆ ಹೇಳಿದ್ದ ಹಾಗೆ ಇದು ಸಿನಿಮಾ ಕಂಪನಿ ಕೊಟ್ಟ ರೂಮಲ್ಲ, ಆರೈಕೆ ಮನೆ. ಮಾತು ಬರುತ್ತೆ, ಊಟ ಸೇರುತ್ತೆ, ಬಲಗೈ ಹೆಬ್ಬೆರಳು ಒಂದಿಷ್ಟು ಅಲ್ಲಾಡುತ್ತೆ. ಅದಕ್ಕಿಂತ ಹೆಚ್ಚಿಗೆ ಆಗಲ್ಲ ಅಂತ ಡಾಕ್ಟರು ನೇರವಾಗಿ ಹೇಳಿದ್ದಾರೆ. ಅತ್ತಿದ್ದೆಲ್ಲ ಅತ್ತಾಯ್ತು.

ಹೇಗಾಯ್ತು ಅಂತ ನೀನು ಕೇಳೇ ಕೇಳ್ತೀಯ. ಮೊದಲು ಬಿದ್ದಿದ್ದೆಲ್ಲ ಸರಿಯಾಗೇ ಇತ್ತು. ನಿರ್ದೇಶಕರು ಓಕೆ ಅಂದಿದ್ರು, ದೀಪ ಆರಿಸೋಕೆ ಶುರು ಮಾಡಿದ್ರು. ನಾನು ಹೋಗಿ ಮಾನಿಟರಲ್ಲಿ ನೋಡ್ದೆ. ಚೆನ್ನಾಗೇ ಇತ್ತು. ಆದ್ರೆ ಹಗ್ಗ ಕಾಣದಿದ್ರೂ ಹಗ್ಗ ಇದೆ ಅನ್ನಿಸ್ತಿತ್ತು. ನೀನು ನೋಡಿದ್ರೆ ಅದೇ ಎರಡು ಮಾತು ಹೇಳ್ತೀಯ ಅನ್ನಿಸ್ತು. ಇನ್ನೊಂದ್ಸಲ ಅಂತ ನಾನೇ ಕೇಳ್ದೆ. ಈ ಸಲ ಕೊನೇಲಿ ಹಗ್ಗ ಸ್ವಲ್ಪ ಸಡಿಲ ಬಿಡು ಅಂತ ಹಗ್ಗದಣ್ಣನಿಗೂ ನಾನೇ ಹೇಳ್ದೆ. ಅವನು ಬೇಡ ಅಂದ. ನಾನು ಹಟ ಹಿಡಿದೆ. ಈ ಸಾಲು ಬರೆಯಲ್ಲ ಅಂತ ಅವನು ಪೆನ್ನು ಕೆಳಗಿಟ್ಟಿದ್ದ, ಬರೆಸಿದ್ದೀನಿ.

ನಿನ್ನ ಮೇಲೆ ಹೊರಿಸ್ತಿಲ್ಲ. ಆ ಎರಡು ಮಾತಲ್ಲಿ ತಪ್ಪೇನಿರ್ಲಿಲ್ಲ, ಅದಕ್ಕೇ ಅಷ್ಟು ಚುಚ್ಚಿದ್ದು.

ಆಮೇಲೆ ನಿರ್ದೇಶಕರು ಇಲ್ಲಿಗೆ ಬಂದು, ಆ ಶಾಟ್ ತೆಗೆದುಬಿಡ್ತೀವಿ, ಹಿಂದಿನದನ್ನ ಹಾಕ್ತೀವಿ ಅಂದ್ರು. ಬೇಡ, ಇಡಿ ಅಂದೆ. ತೆಗೆದ್ರೆ ನಾನು ಬಿದ್ದಿದ್ದು ಯಾವುದಕ್ಕೆ? ಅವರು ಅಳ್ತಾ ಹೋದ್ರು. ಇಟ್ರು.

ನಿನಗೆ ಮುಚ್ಚಿಟ್ಟಿದ್ದಕ್ಕೂ ಅದೇ ಕಾರಣ. ಮೊದಲೇ ಗೊತ್ತಾಗಿದ್ರೆ ನೀನು ಆ ಶಾಟನ್ನ ನೋಡ್ತಾನೇ ಇರ್ಲಿಲ್ಲ, ಅಪ್ಪನಾಗಿಬಿಡ್ತಿದ್ದೆ. ಏಪ್ರಿಲ್ ತಿಂಗಳ ನಿನ್ನ ಕಾಗದವನ್ನ ಹಗ್ಗದಣ್ಣ ಓದೋಕೆ ಶುರು ಮಾಡಿ ಆ ಜಾಗಕ್ಕೆ ಬಂದಾಗ ಎದ್ದು ಹೊರಗೆ ಹೋದ. ನರ್ಸಕ್ಕ ಓದಿ ಮುಗಿಸಿದ್ಲು. ತೂಕ ಇದೆ ಅಂತ ನೀನು ಬರೆದಿದ್ದನ್ನ ದಿನಾ ಓದಿಸ್ಕೊಳ್ತೀನಿ.

ಈಗ ಗೊತ್ತಾಯ್ತಲ್ಲ. ಈಗಲೂ ಅದು ಒಳ್ಳೇ ಶಾಟೇನಪ್ಪ? ಅಲ್ಲ ಅಂದ್ರೆ ನನ್ನ ಹತ್ರ ಏನೂ ಉಳಿಯಲ್ಲ. ಸಮಾಧಾನಕ್ಕೆ ಹೌದು ಅಂದ್ರೆ ನನಗೆ ತಿಳಿಯುತ್ತೆ. ಇದೊಂದಕ್ಕೆ ಸರಿಯಾಗಿ ಉತ್ತರ ಕೊಡು.

ಬುಗುರಿ

ಸಾರ್, ಇದು ನನ್ನ ಮಾತು. ಅವಳು ಕೇಳಿದಳು ನಿಜ, ಬಿಟ್ಟದ್ದು ನನ್ನ ಕೈ. ನೀವು ನನ್ನನ್ನು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಭಾನುವಾರ ಬರುವುದನ್ನು ನಿಲ್ಲಿಸುವುದಿಲ್ಲ, ಅಷ್ಟು ಹೇಳಬೇಕಿತ್ತು. — ಹಗ್ಗದವನು


ಮೇ ೨೯

ಬುಗುರಿ,

ಹೌದು. ಒಳ್ಳೆಯ ಶಾಟ್. ಮೊದಲು ಇದನ್ನು ಬರೆದುಬಿಡುತ್ತೇನೆ. ಸಮಾಧಾನಕ್ಕೆ ಹೇಳುತ್ತಿಲ್ಲ. ಅದನ್ನು ತೂಗಬೇಕೆಂದೇ ನಿನ್ನ ಕಾಗದ ಬಂದ ಮರುದಿನ ಮತ್ತೆ ಥಿಯೇಟರಿಗೆ ಹೋದೆ. ಸಿನಿಮಾದ ಕೊನೆಯ ವಾರವಂತೆ, ಹತ್ತಿಪ್ಪತ್ತು ಜನ ಚದುರಿ ಕುಳಿತಿದ್ದರು. ಈ ಸಲವೂ ಕಣ್ಣು ಮುಚ್ಚಲಿಲ್ಲ.

ಮೈ ಮೊದಲು ಬಂತು, ಬಟ್ಟೆ ಆಮೇಲೆ ಬಂತು. ಭುಜ, ಆಮೇಲೆ ತಲೆ. ಕ್ಯಾಮೆರಾ ಹತ್ತಿರ ಹೋಗತೊಡಗಿತು. ನನಗೆ ಎಲ್ಲ ಗೊತ್ತಿತ್ತು, ಆದರೂ ಕಾದೆ. ನೋಡಿದ ಸಿನಿಮಾ ಮತ್ತೆ ನೋಡಿದರೆ ಬೇರೆಯಾಗುತ್ತದೆಯೇ? ಆಗುತ್ತದೆ ಎನ್ನುವವನ ಹಾಗೆ ಕಾದೆ. ನಿನ್ನ ಬಲಗೈ ಪರದೆಯ ಮೂಲೆಯಲ್ಲಿತ್ತು. ಅದನ್ನೇ ನೋಡುತ್ತಿದ್ದೆ. ಆಮೇಲೆ ಏನಾಯಿತೆಂದರೆ, ಟಾರ್ಚ್ ಹಿಡಿದವನು ನನ್ನ ತೋಳು ಹಿಡಿದಿದ್ದ, ಜನ ಎಲ್ಲ ನನ್ನ ಕಡೆ ತಿರುಗಿದ್ದರು, ನಾನು ಎದ್ದು ನಿಂತಿದ್ದೆ. ನನಗೆ ನನ್ನ ದನಿ ಕೇಳುವುದಿಲ್ಲವಲ್ಲ, ಕೂಗುತ್ತಿದ್ದೇನೆಂದು ಗೊತ್ತಾಗಿರಲಿಲ್ಲ. ಹೊರಗೆ ಬಂದ ಮೇಲೆ ಟಿಕೆಟಿನ ಹೆಂಗಸು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. "ಏನಂತ ಕೂಗಿದೆ ನಾನು?" ಎಂದು ಕೇಳಿದೆ. "ಕೈ ಎತ್ತು ಮಗಳೇ, ಕೈ ಎತ್ತು ಅಂತ" ಎಂದಳು. ಅವಳಿಗೆ ಈಗ ನನ್ನ ಮೇಲೆ ನಂಬಿಕೆ ಬಂದಿದೆ.

ಸಂಕಲನಕಾರ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾನೆ. ಇನ್ನು ಅಪ್ಪನ ಮಾತು. ಆ ಶಾಟ್ ಎಷ್ಟು ಒಳ್ಳೆಯದೋ ಅಷ್ಟೇ ನನಗೆ ಅದು ಬೇಡ. ಲೋಕದ ಸಿನಿಮಾಗಳಲ್ಲಿ ಒಂದಕ್ಕೂ ತೂಕವಿಲ್ಲದಿದ್ದರೂ ನಡೆಯುತ್ತಿತ್ತು. ನೀನು ಗಾಳಿಯಲ್ಲಿ ತೇಲುವ ಕಾಗದದ ಗೊಂಬೆಯ ಹಾಗೆ ಬಿದ್ದು, ಎದ್ದು, ಮನೆಗೆ ಬಂದು ನನ್ನೆದುರು ಕುಳಿತು ಜಗಳವಾಡಿದ್ದರೆ ಸಾಕಿತ್ತು. ನೀನು ನನ್ನ ಮೇಲೆ ಹೊರಿಸಲಿಲ್ಲ. ನಾನೇ ಹೊತ್ತುಕೊಂಡಿದ್ದೇನೆ, ಇಳಿಸು ಎಂದು ಹೇಳಬೇಡ.

ಹಗ್ಗದಣ್ಣನಿಗೆ ಓದಿ ಹೇಳುವ ಅಗತ್ಯವಿಲ್ಲ, ಇದನ್ನು ಓದುತ್ತಿರುವವನೇ ಅವನು. ನೋಡಪ್ಪ, ನಿನ್ನ ಅಕ್ಷರ ನೋಡಿದರೇ ಸಾಕು, ಎದೆ ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ. ಆದರೂ ಭಾನುವಾರ ಬಿಡಬೇಡ. ನಾನು ಬಂದಾಗ ನೀನು ಎದ್ದು ಹೊರಗೆ ಹೋಗಬೇಡ. ಅವಳನ್ನು ಪಕ್ಕಕ್ಕೆ ತಿರುಗಿಸುವುದು ಹೇಗೆಂದು ನನಗೆ ಕಲಿಸಿಕೊಡುವವರು ಬೇಕು.

ಮನೆಯ ಬೀಗದ ಕೈ ಪಕ್ಕದವರಿಗೆ ಕೊಟ್ಟಾಗಿದೆ. ಗುರುವಾರದ ಬಸ್ಸಿಗೆ ಹೊರಡುತ್ತೇನೆ. ವಾಪಸು ಟಿಕೆಟ್ ತೆಗೆಸಿಲ್ಲ. ಆ ಚಾವಣಿಯ ಬಿರುಕು ಎಲ್ಲಿಯವರೆಗೆ ಬಂದಿದೆಯೆಂದು ಇಬ್ಬರೂ ನೋಡೋಣ.

ನಾನು ಬಾಗಿಲಿಗೆ ಬಂದಾಗ ನೀನು ಏನನ್ನೂ ಎತ್ತಿ ತೋರಿಸಬೇಕಾಗಿಲ್ಲ. "ಇನ್ನು ತಿರುಗಿ" ಎಂದು ಯಾರೂ ಹೇಳಬೇಕಾಗಿಲ್ಲ. ಈ ಸಲ ನಾನು ಗೋಡೆಗೆ ಮುಖ ಮಾಡಿ ನಿಲ್ಲುವುದಿಲ್ಲ.

ಅಪ್ಪ